ನಾಯಿಯ ಹೃದಯಕ್ಕೆ ಇಷ್ಟು ದೊಡ್ಡ ಯಂತ್ರವೇ?

ರೋಗಿಯು ತನ್ನ ಬಾಧೆಯನ್ನು ತಾನೇ ಹೇಳಿಕೊಂಡರೆ ವೈದ್ಯನ ಕೆಲಸ ಅರ್ಧ ಮುಗಿದಂತೆಯೇ ಸರಿ. ಎದೆಯಲ್ಲಿ ಹಿಡಿದಂತಾಗುತ್ತದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ರಾತ್ರಿ ಮಲಗಲಾಗುವುದಿಲ್ಲ ಎಂದು ಮನುಷ್ಯನು ಹೇಳಬಲ್ಲನು. ಮೂಕಪ್ರಾಣಿಗೆ ಈ ಸೌಕರ್ಯವಿಲ್ಲ. ನಾಯಿ ಕೆಮ್ಮುತ್ತದೆ, ಆಟದ ನಡುವೆ ಕುಸಿದು ಕೂರುತ್ತದೆ, ಕೆಲವೊಮ್ಮೆ ಕ್ಷಣಕಾಲ ಪ್ರಜ್ಞೆ ತಪ್ಪಿ ಬೀಳುತ್ತದೆ. ಈ ಕೆಮ್ಮು ಹೃದಯದ ದೋಷವೋ, ಶ್ವಾಸಕೋಶದ ದೋಷವೋ, ಅಥವಾ ಇವೆರಡರ ನಡುವೆ ಹರಿಯುವ ರಕ್ತನಾಳಗಳ ದೋಷವೋ ಎಂಬುದನ್ನು ವೈದ್ಯನೇ ಕಂಡುಹಿಡಿಯಬೇಕು. ಆದುದರಿಂದ ಒಳಗನ್ನು ನೋಡಿಸಬಲ್ಲ ಉಪಕರಣಗಳು ಪಶುವೈದ್ಯನಿಗೆ ಮನುಷ್ಯರ ವೈದ್ಯನಿಗಿಂತಲೂ ಹೆಚ್ಚು ಅಗತ್ಯವೆಂದರೆ ಅತಿಶಯೋಕ್ತಿಯಾಗಲಾರದು.

ಇಂದು ಅಂಥ ಉಪಕರಣಗಳು ಬಂದಿವೆ. ಮನುಷ್ಯರಿಗಾಗಿ ನಿರ್ಮಿತವಾದ ಸಿ.ಟಿ. ಯಂತ್ರವು ಈಗ ನಾಯಿಯ ಹೃದಯವನ್ನೂ ಶ್ವಾಸಕೋಶದ ನಾಳಗಳನ್ನೂ ಎಲ್ಲ ದಿಕ್ಕುಗಳಿಂದ ಚಿತ್ರಿಸಿ ತೋರಿಸುತ್ತದೆ. ಈ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಒಂದು ಪಕ್ಷದವರು, ಮನುಷ್ಯರಿಗೇ ಸಾಲದ ಯಂತ್ರ ನಾಯಿಗೇಕೆ, ಇದು ಸಿರಿವಂತರ ಶೋಕಿ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಯಂತ್ರವಿದ್ದ ಮೇಲೆ ಪ್ರತಿಯೊಂದು ಕೆಮ್ಮುವ ನಾಯಿಯನ್ನೂ ಅದರೊಳಗೆ ಮಲಗಿಸಿಬಿಡುವುದೇ ಲೇಸು ಎನ್ನುತ್ತಾರೆ. ಇವೆರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳುವ ಮುನ್ನ, ನೋಡಬೇಕಾದ ವಸ್ತು ಏನು, ಅದನ್ನು ನೋಡುವ ಬಗೆ ಏನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಾಯಿಯ ಹೃದಯವು ರಚನೆಯಲ್ಲಿ ನಮ್ಮ ಹೃದಯವನ್ನೇ ಹೋಲುತ್ತದೆ. ಎರಡು ಹೃತ್ಕರ್ಣಗಳು, ಎರಡು ಹೃತ್ಕುಕ್ಷಿಗಳು, ನಾಲ್ಕು ಕವಾಟಗಳು. ಎಡ ಹೃತ್ಕುಕ್ಷಿಯು ರಕ್ತವನ್ನು ಮಹಾಧಮನಿಯ ಮೂಲಕ ದೇಹಕ್ಕೆಲ್ಲ ನೂಕುತ್ತದೆ; ಬಲ ಹೃತ್ಕುಕ್ಷಿಯು ಅದನ್ನು ಪುಪ್ಪುಸ ಧಮನಿಯ ಮೂಲಕ ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಧಮನಿಗಳಿಂದ ಸಿರೆಗಳಿಗೆ ರಕ್ತವು ಹೇಗೆ ದಾಟುತ್ತದೆಂಬುದು ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯನ್ನು ಸಾರಿದಾಗಲೂ ಒಗಟಾಗಿಯೇ ಇತ್ತು. 1661ರಲ್ಲಿ ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಲೋಮನಾಳಗಳನ್ನು ಕಂಡ ಮೇಲೆಯೇ ಆ ಒಗಟು ಬಿಡಿಸಿತು. ಹೃದಯದ ಕಥೆಯು ಶ್ವಾಸಕೋಶದ ನಾಳಗಳಿಲ್ಲದೆ ಪೂರ್ಣವಾಗುವುದಿಲ್ಲವೆಂಬುದು ಅಂದಿನಿಂದಲೂ ತಿಳಿದ ಸತ್ಯ.

ಈ ಎರಡು ಮಾರ್ಗಗಳಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಮಹಾಧಮನಿಯಲ್ಲಿ ಹೃದಯ ಸಂಕೋಚಿಸುವಾಗಿನ ಒತ್ತಡ 120 ಮಿಲಿಮೀಟರ್ ಪಾದರಸಕ್ಕೆ ಹತ್ತಿರವೋ ಮೇಲೆಯೋ ಇರುವಾಗ, ಪುಪ್ಪುಸ ಧಮನಿಯಲ್ಲಿ ಅದು ಸುಮಾರು 25 ಮಾತ್ರ. ಬಲ ಹೃತ್ಕುಕ್ಷಿಯ ಗೋಡೆ ಆದುದರಿಂದಲೇ ತೆಳುವಾಗಿದೆ. ಅದು ಹಗುರವಾದ ಕೆಲಸಕ್ಕೆ ಹುಟ್ಟಿದ ಸ್ನಾಯು. ಶ್ವಾಸಕೋಶದ ನಾಳಗಳಲ್ಲಿ ಎಲ್ಲಿಯಾದರೂ ತಡೆ ಉಂಟಾದರೆ, ಈ ತೆಳುಗೋಡೆಯ ಕೋಣೆಗೆ ಅಳತೆ ಮೀರಿದ ಹೊರೆ ಬೀಳುತ್ತದೆ. ಮೊದಲು ಅದು ದಪ್ಪವಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ಹೊರಗೆ ಕಾಣುವುದು ಬರಿಯ ಆಯಾಸ ಮತ್ತು ಕೆಮ್ಮು.

ಇದನ್ನು ಅರಿಯಲು ವೈದ್ಯನ ಬಳಿ ಮೊದಲಿಂದಲೂ ಇದ್ದ ಸಾಧನ ಕಿವಿ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪನ್ನು ರೂಪಿಸಿದನು; ಕವಾಟದಲ್ಲಿ ಸೋರುವ ರಕ್ತದ ಮರ್ಮರಧ್ವನಿಯನ್ನು ಅದು ಇಂದಿಗೂ ನಿಷ್ಠೆಯಿಂದ ತಿಳಿಸುತ್ತದೆ. 1895ರಲ್ಲಿ ರಂಟ್‌ಜೆನ್ನನ ಕ್ಷ-ಕಿರಣಗಳು ಬಂದವು. ಕ್ಷ-ಕಿರಣ ಚಿತ್ರದಲ್ಲಿ ನಾಯಿಯ ಹೃದಯ ದೊಡ್ಡದಾಗಿದೆಯೇ ಎಂದು ನಿರ್ಣಯಿಸುವುದು ಸುಲಭವಲ್ಲ. ಏಕೆಂದರೆ ಒಂದು ಚಿವಾವ ನಾಯಿಯ ಹೃದಯವನ್ನೂ ಒಂದು ಗ್ರೇಟ್ ಡೇನ್ ನಾಯಿಯ ಹೃದಯವನ್ನೂ ಒಂದೇ ಸೆಂಟಿಮೀಟರಿನಿಂದ ಅಳೆಯುವುದೆಂತು? ಅಮೆರಿಕದ ಪಶು ಹೃದ್ರೋಗತಜ್ಞ ಜೇಮ್ಸ್ ಬುಕಾನನ್ ಇದಕ್ಕೊಂದು ಸರಳೋಪಾಯವನ್ನು ತನ್ನ ಸಹೋದ್ಯೋಗಿಯೊಡನೆ 1995ರಲ್ಲಿ ಪ್ರಕಟಿಸಿದನು. ಹೃದಯದ ಉದ್ದವನ್ನೂ ಅಗಲವನ್ನೂ ಅದೇ ನಾಯಿಯ ಬೆನ್ನೆಲುಬಿನ ಮೇಲಿಟ್ಟು, ನಾಲ್ಕನೆಯ ಎದೆಮಣಿಯಿಂದ ಆರಂಭಿಸಿ, ಎಷ್ಟು ಮಣಿಗಳಾಗುತ್ತವೆಂದು ಎಣಿಸಿ ಕೂಡಿಸುವುದು. ಮೊತ್ತವು ಸಾಮಾನ್ಯವಾಗಿ 10.5 ಮೀರಬಾರದು, ಕೆಲವು ತಳಿಗಳಲ್ಲಿ ಮಾತ್ರ ಈ ಮಿತಿ ಸ್ವಲ್ಪ ಬೇರೆ. ನಾಯಿಯ ಅಳತೆಗೋಲು ನಾಯಿಯೊಳಗೇ ಇದೆ! ಒಂದು ಅಡಿಪಟ್ಟಿಯಿಂದ ಮಾಡಬಹುದಾದ ಈ ಎಣಿಕೆಯ ಬೆಲೆಯನ್ನು ಯಾವ ಯಂತ್ರವೂ ತಗ್ಗಿಸಿಲ್ಲ.

ಮೂರನೆಯದು ಶ್ರವಣಾತೀತ ಧ್ವನಿ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಎಂಬ ವೈದ್ಯನೂ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಕೂಡಿ, ಮಿಡಿಯುವ ಹೃದಯದಿಂದ ಹಿಂತಿರುಗಿದ ಪ್ರತಿಧ್ವನಿಯನ್ನು ದಾಖಲಿಸಿದರು. ಇಂದು ಎಕೋ ಪರೀಕ್ಷೆಯೆಂದು ಎಲ್ಲರಿಗೂ ಪರಿಚಿತವಾದ ವಿಧಾನ ಇದೇ. ಇದಕ್ಕೆ ಡಾಪ್ಲರನು 1842ರಲ್ಲಿ ತಿಳಿಸಿದ ತತ್ತ್ವವನ್ನು ಸೇರಿಸಿದರೆ, ರಕ್ತವು ಎಷ್ಟು ವೇಗದಿಂದ ಹರಿಯುತ್ತಿದೆಯೆಂಬುದೂ ತಿಳಿಯುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ಬರ್ನೂಲಿಯ ನಿಯಮವನ್ನು ಓದಿದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲಕ್ಷ್ಯವಿಡಬೇಕು. ಸೋರುವ ಕವಾಟದ ಇಬ್ಬದಿಯ ಒತ್ತಡಗಳ ಅಂತರವು, ಅಲ್ಲಿ ಚಿಮ್ಮುವ ರಕ್ತದ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದಷ್ಟಿರುತ್ತದೆ. ಬಲಭಾಗದ ಕವಾಟದಲ್ಲಿ ಸೋರಿಕೆಯ ವೇಗವು ಸೆಕೆಂಡಿಗೆ 3.4 ಮೀಟರ್ ಆದರೆ, ಅಂತರ ಸುಮಾರು 46 ಮಿಲಿಮೀಟರ್ ಪಾದರಸ. ಅದಕ್ಕಿಂತ ಹೆಚ್ಚಾದರೆ ಪುಪ್ಪುಸ ಧಮನಿಯ ಒತ್ತಡ ಏರಿದೆಯೆಂಬ ಶಂಕೆ ಬಲವಾಗುತ್ತದೆ. ಸೂಜಿ ಚುಚ್ಚದೆ, ಅರಿವಳಿಕೆ ಕೊಡದೆ, ಬೀದಿಯ ನಾಯಿಯನ್ನಾದರೂ ಪಕ್ಕಕ್ಕೆ ಮಲಗಿಸಿ ಈ ಲೆಕ್ಕವನ್ನು ಮಾಡಬಹುದು.

ಹಾಗಾದರೆ ಇಷ್ಟು ಸಾಲದೆ? ಎಷ್ಟೋ ವೇಳೆ ಸಾಲುತ್ತದೆ. ನಾಯಿಗಳಲ್ಲಿ, ಅದರಲ್ಲೂ ಸಣ್ಣ ತಳಿಗಳಲ್ಲಿ, ವಯಸ್ಸಾದಂತೆ ಎಡಭಾಗದ ಕವಾಟ ಸವೆದು ಸೋರುವುದು ಅತ್ಯಂತ ಸಾಮಾನ್ಯವಾದ ಹೃದ್ರೋಗ. 2016ರಲ್ಲಿ ಪ್ರಕಟವಾದ, 360 ನಾಯಿಗಳನ್ನೊಳಗೊಂಡ ಒಂದು ದೊಡ್ಡ ಪರೀಕ್ಷೆಯಲ್ಲಿ, ಹೃದಯ ಹಿಗ್ಗಿದ್ದರೂ ಇನ್ನೂ ಬಾಧೆ ತೋರದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಔಷಧವನ್ನು ಕೊಟ್ಟುದರಿಂದ, ಬಾಧೆಯಿಲ್ಲದ ಅವಧಿಯು ಸುಮಾರು 15 ತಿಂಗಳು ಹೆಚ್ಚಿತೆಂದು ತಿಳಿದುಬಂದಿತು. ಹನ್ನೆರಡು ಹದಿಮೂರು ವರ್ಷ ಬದುಕುವ ಪ್ರಾಣಿಗೆ 15 ತಿಂಗಳು ಸಣ್ಣ ಕೊಡುಗೆಯಲ್ಲ. ಯಾವ ನಾಯಿಗೆ ಔಷಧ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅಲ್ಲಿ ಆರಿಸಿದ್ದು ಸ್ಟೆತೊಸ್ಕೋಪು, ಮೇಲೆ ಹೇಳಿದ ಮಣಿಗಳ ಎಣಿಕೆ ಮತ್ತು ಎಕೋ ಪರೀಕ್ಷೆ. ಸಿ.ಟಿ. ಯಂತ್ರದ ಅಗತ್ಯವೇ ಬೀಳಲಿಲ್ಲ.

ಆದರೆ ಈ ಸಾಧನಗಳಿಗೆ ಎಟುಕದ ಜಾಗಗಳಿವೆ. ಶ್ರವಣಾತೀತ ಧ್ವನಿಯು ಗಾಳಿಯನ್ನು ದಾಟಲಾರದು. ಶ್ವಾಸಕೋಶವೋ ಗಾಳಿಯ ಚೀಲ. ಹೀಗಾಗಿ ಪುಪ್ಪುಸ ಧಮನಿಯು ಶ್ವಾಸಕೋಶವನ್ನು ಹೊಕ್ಕು ಕವಲೊಡೆದ ಕೂಡಲೆ ಎಕೋ ಪರೀಕ್ಷೆಯ ಕಣ್ಣಿಗೆ ಮರೆಯಾಗುತ್ತದೆ. ಕ್ಷ-ಕಿರಣ ಚಿತ್ರವು ಆ ಕವಲುಗಳನ್ನು ತೋರಿಸುತ್ತದೆ, ನಿಜ. ಆದರೆ ಅದು ನೆರಳು. ಎದೆಯ ಎಲ್ಲ ಪದರಗಳೂ ಒಂದರ ಮೇಲೊಂದು ಬಿದ್ದ ನೆರಳಿನಲ್ಲಿ ಒಂದು ಕವಲಿನೊಳಗೆ ಹೆಪ್ಪುಗಟ್ಟಿ ಕುಳಿತ ರಕ್ತವನ್ನು ಗುರುತಿಸುವುದು ಬಹಳ ಕಷ್ಟ.

ಈ ಕೊರತೆಯನ್ನು ತುಂಬುವುದೇ ಸಿ.ಟಿ. ಯಂತ್ರ. ಇಂಗ್ಲೆಂಡಿನ ಹೌನ್ಸ್‌ಫೀಲ್ಡನು ರೂಪಿಸಿದ ಈ ಯಂತ್ರವು 1971ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮಿದುಳನ್ನು ಚಿತ್ರಿಸಿತು. ಇದರ ಗಣಿತಕ್ಕೆ ತಳಹದಿ ಹಾಕಿದ ಕಾರ್ಮ್ಯಾಕನೊಡನೆ ಅವನಿಗೆ 1979ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಕ್ಷ-ಕಿರಣದ ಮೂಲವು ದೇಹದ ಸುತ್ತಲೂ ತಿರುಗುತ್ತ ನೂರಾರು ಕೋನಗಳಿಂದ ಅಳೆಯುತ್ತದೆ; ಗಣಕಯಂತ್ರವು ಆ ಅಳತೆಗಳಿಂದ ಒಂದೊಂದೇ ತೆಳುಪದರವನ್ನು ಲೆಕ್ಕಹಾಕಿ ಕಟ್ಟುತ್ತದೆ. ನಾಳಗಳು ಸ್ಪಷ್ಟವಾಗಿ ಕಾಣಲೆಂದು ನಾಯಿಯ ಮುಂಗಾಲಿನ ಸಿರೆಗೆ ಅಯೋಡಿನ್ ಬೆರೆತ ದ್ರವವನ್ನು ಹಾಯಿಸುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಅದು ಬಲ ಹೃದಯಕ್ಕೆ, ಅಲ್ಲಿಂದ ಪುಪ್ಪುಸ ಧಮನಿಗೆ, ಶ್ವಾಸಕೋಶವನ್ನು ದಾಟಿ ಎಡ ಹೃದಯಕ್ಕೆ, ಮಹಾಧಮನಿಗೆ ಹರಿಯುತ್ತದೆ. ಸರಿಯಾದ ಕ್ಷಣವನ್ನು ಹಿಡಿದರೆ ಬೇಕಾದ ನಾಳವೊಂದೇ ಬೆಳಗುತ್ತದೆ. ಹೃದಯವು ಬಡಿಯುತ್ತಲೇ ಇರುವುದರಿಂದ ಚಿತ್ರ ಕಲಸಿಹೋಗದಂತೆ, ಇ.ಸಿ.ಜಿ. ರೇಖೆಯನ್ನು ಅನುಸರಿಸಿ, ಎರಡು ಬಡಿತಗಳ ನಡುವಣ ವಿಶ್ರಾಂತಿಯ ಅಳತೆಗಳನ್ನು ಮಾತ್ರ ಆರಿಸಿಕೊಳ್ಳುವ ಉಪಾಯವೂ ಉಂಟು.

ಇದರಿಂದ ಆಗುವ ಪ್ರಯೋಜನವನ್ನು ಒಂದೇ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಪುಪ್ಪುಸ ಧಮನಿಯ ಬಾಯಲ್ಲಿರುವ ಕವಾಟವು ಕೆಲವು ನಾಯಿಮರಿಗಳಲ್ಲಿ ಹುಟ್ಟಿನಿಂದಲೇ ಬಿಗಿದುಕೊಂಡಿರುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಕುತ್ತಿಗೆಯ ಅಥವಾ ತೊಡೆಯ ಸಿರೆಯಿಂದ ಸಣ್ಣ ಕೊಳವೆಯೊಂದನ್ನು ತೂರಿಸಿ, ಕವಾಟದ ನಡುವೆ ಒಂದು ಬಲೂನನ್ನು ಉಬ್ಬಿಸಿ, ಬಿಗಿತವನ್ನು ಸಡಿಲಿಸುತ್ತಾರೆ. ಬಹಳ ನಾಯಿಗಳು ಇದರಿಂದ ಬದುಕಿವೆ. ಆದರೆ ಇಂಗ್ಲಿಷ್ ಬುಲ್‌ಡಾಗ್ ತಳಿಯ ಕೆಲವು ನಾಯಿಗಳಲ್ಲಿ ಒಂದು ಗುಪ್ತ ವೈಪರೀತ್ಯವಿರುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಕಿರೀಟ ಧಮನಿಗಳು ಎರಡಾಗಿ ಹುಟ್ಟುವ ಬದಲು ಬಲಗಡೆಯಿಂದ ಒಂದೇ ಕಾಂಡವಾಗಿ ಹುಟ್ಟಿ, ಅದರ ಎಡಗವಲು ಬಿಗಿದ ಕವಾಟದ ಕೆಳಗೇ ಪುಪ್ಪುಸ ಧಮನಿಯ ಬುಡವನ್ನು ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಬಲೂನನ್ನು ಉಬ್ಬಿಸಿದರೆ ಆ ಕವಲು ಹರಿದುಹೋಗಬಹುದು. ಪ್ರಾಣ ಉಳಿಸಲೆಂದು ಹೊರಟ ಕೈಯೇ ಪ್ರಾಣ ತೆಗೆಯಬಹುದು. ಹೀಗೆ ಸತ್ತ ನಾಯಿಗಳ ವರದಿಗಳು ವೈದ್ಯಸಾಹಿತ್ಯದಲ್ಲಿವೆ. 1990ರಲ್ಲಿ ಈ ವೈಪರೀತ್ಯವನ್ನು ವಿವರವಾಗಿ ಬಣ್ಣಿಸಿದವನು, ಐದು ವರ್ಷಗಳ ಅನಂತರ ಅಡಿಪಟ್ಟಿಯ ಎಣಿಕೆಯನ್ನು ಕೊಟ್ಟ ಅದೇ ಬುಕಾನನ್. ಸರಳ ಸಾಧನವನ್ನು ಕೊಟ್ಟವನೇ ಸರಳ ಸಾಧನಕ್ಕೆ ನಿಲುಕದ ಅಪಾಯವನ್ನೂ ತೋರಿಸಿಕೊಟ್ಟನು.

ಸ್ಟೆತೊಸ್ಕೋಪು ಈ ಕವಲನ್ನು ಕೇಳಿಸಲಾರದು. ಎದೆಯ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಅದು ಕಾಣದು. ಎಕೋ ಪರೀಕ್ಷೆಯು ಶಂಕೆಯನ್ನು ಹುಟ್ಟಿಸಬಹುದು, ಆದರೆ ಎಲ್ಲ ವೇಳೆಯೂ ನಿಶ್ಚಯವಾಗಿ ಹೇಳಲಾರದು. ಮಹಾಧಮನಿಗೆ ಕೊಳವೆ ಇಳಿಸಿ, ಬಣ್ಣದ ದ್ರವ ಹಾಯಿಸಿ ನೋಡುವುದು ಹಳೆಯ ಮಾರ್ಗ. ಕೆಲವೇ ಮಿಲಿಮೀಟರಿನ ಆ ಕವಲು ಎಲ್ಲಿ ಹುಟ್ಟಿ, ಯಾವುದನ್ನು ಸುತ್ತಿ, ಎಲ್ಲಿಗೆ ಹೋಗುತ್ತದೆಂಬುದನ್ನು ಸಿ.ಟಿ. ಯಂತ್ರವು ಚಿಕಿತ್ಸೆಗೆ ಮೊದಲೇ ಕಣ್ಣಿಗೆ ಕಟ್ಟಿದಂತೆ ತೋರಿಸುತ್ತದೆ. ಚಿತ್ರದಲ್ಲಿ ಕವಲು ಸರಿಯಾಗಿದ್ದರೆ ಬಲೂನು. ಇಲ್ಲವಾದರೆ ಔಷಧವೋ ಬೇರೊಂದು ಉಪಾಯವೋ. ಇಲ್ಲಿ ಒಂದು ಚಿತ್ರವು ಒಂದು ಜೀವದ ಗತಿಯನ್ನೇ ಬದಲಾಯಿಸುತ್ತದೆ.

ಈಗ ಮೊದಲನೆಯ ಪಕ್ಷದವರ ಮಾತಿಗೆ ಬರೋಣ. ನಾಯಿಗೆ ಇಷ್ಟೆಲ್ಲ ಏಕೆಂದು ಕೇಳುವವರು ಒಂದು ಇತಿಹಾಸವನ್ನು ನೆನೆಯಬೇಕು. ಹಿಂದೆ, ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗದೆ ಮೈ ನೀಲಿಗಟ್ಟಿ ಹುಟ್ಟುತ್ತಿದ್ದ ಶಿಶುಗಳಿಗೆ ಬದುಕುವ ಆಸೆಯೇ ಕಡಮೆಯಾಗಿತ್ತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ, ತೋಳಿಗೆ ಹೋಗುವ ಧಮನಿಯನ್ನು ಪುಪ್ಪುಸ ಧಮನಿಗೆ ಜೋಡಿಸುವ ಶಸ್ತ್ರಕ್ರಿಯೆಯನ್ನು ವಿವಿಯನ್ ಥಾಮಸ್ ಎಂಬ ಕರಿಯ ತಂತ್ರಜ್ಞನು ಪ್ರಯೋಗಶಾಲೆಯ ಸುಮಾರು 200 ನಾಯಿಗಳ ಮೇಲೆ ಮಾಡಿ ಪಳಗಿಸಿದನು. 1944ರ ನವೆಂಬರ್ 29ರಂದು ಶಸ್ತ್ರವೈದ್ಯ ಬ್ಲೇಲಾಕ್, ಮಕ್ಕಳ ಹೃದ್ರೋಗತಜ್ಞೆ ಹೆಲೆನ್ ಟಾಸಿಗ್ ಸೂಚಿಸಿದ ಈ ಕ್ರಮವನ್ನು, ಮೊದಲ ಬಾರಿಗೆ ಒಂದು ಶಿಶುವಿನ ಮೇಲೆ ನಡೆಸಿದಾಗ, ಥಾಮಸನು ಅವನ ಬೆನ್ನ ಹಿಂದೆ ನಿಂತು ಹೆಜ್ಜೆಹೆಜ್ಜೆಗೂ ದಾರಿ ತೋರಿಸಿದನು. 1945ರ ಪ್ರಬಂಧದಲ್ಲಿ ಥಾಮಸನ ಹೆಸರು ಲೇಖಕರ ಸಾಲಿನಲ್ಲಿರಲಿಲ್ಲ. ಅವನಿಗೆ ಗೌರವ ಡಾಕ್ಟರೇಟ್ ಬಂದುದು 1976ರಲ್ಲಿ. ಆ ಪ್ರಯೋಗದ ನಾಯಿಗಳಲ್ಲಿ ಆನಾ ಎಂಬ ಒಂದರ ಭಾವಚಿತ್ರವನ್ನು ಸಂಸ್ಥೆಯು ಗೋಡೆಗೇರಿಸಿತು. ಮಿಕ್ಕವುಗಳ ಲೆಕ್ಕ ಇಟ್ಟವರಾರು? ಹೃದಯ ಮತ್ತು ಶ್ವಾಸಕೋಶದ ನಾಳಗಳ ಬಗೆಗೆ ಮನುಷ್ಯನು ಪಡೆದ ಜ್ಞಾನದ ದೊಡ್ಡ ಭಾಗಕ್ಕೆ ನಾಯಿಯು ತನ್ನ ಎದೆಯನ್ನೇ ಒಡ್ಡಿದೆ. ಆ ಜ್ಞಾನದಿಂದ ಹುಟ್ಟಿದ ಫಲದಲ್ಲಿ ನಾಯಿಗೆ ಪಾಲಿಲ್ಲವೆಂದು ಹೇಳುವುದು ನ್ಯಾಯವೂ ಅಲ್ಲ, ಸೌಜನ್ಯವೂ ಅಲ್ಲ. ನಾಯಿಗೆ ಸಿ.ಟಿ. ಚಿತ್ರವನ್ನು ತೆಗೆಯುವುದು ದಾನವಲ್ಲ, ಸಾಲದ ಮರುಪಾವತಿ.

ಇನ್ನು ಎರಡನೆಯ ಪಕ್ಷ. ಯಂತ್ರವಿದೆಯೆಂದ ಮಾತ್ರಕ್ಕೆ ಅದನ್ನು ಎಲ್ಲಕ್ಕೂ ಬಳಸಬೇಕೆಂಬ ವಾದವು ಕೇಳಲು ಆಧುನಿಕವಾಗಿ ತೋರಿದರೂ ಅವೈಜ್ಞಾನಿಕವಾದುದು. "ಅಲುಗಾಡಬೇಡ, ಉಸಿರು ಬಿಗಿ ಹಿಡಿ" ಎಂದು ಮನುಷ್ಯನಿಗೆ ಹೇಳಬಹುದು, ನಾಯಿಗೆ ಹೇಳಲಾಗದು. ಆದುದರಿಂದ ಹೃದಯದ ಇಂಥ ಸೂಕ್ಷ್ಮ ಚಿತ್ರಕ್ಕಾಗಿ ಸಾಮಾನ್ಯವಾಗಿ ಅದಕ್ಕೆ ಅರಿವಳಿಕೆ ಕೊಡಬೇಕಾಗುತ್ತದೆ. ಸೋಲುತ್ತಿರುವ ಹೃದಯಕ್ಕೆ ಅರಿವಳಿಕೆಯೇ ಒಂದು ಅಪಾಯ. ಅಯೋಡಿನ್ ದ್ರವವು ದುರ್ಬಲವಾದ ಮೂತ್ರಪಿಂಡಗಳಿಗೆ ಹೊರೆ. ಕ್ಷ-ಕಿರಣದ ಪ್ರಮಾಣವೂ ಸಾಮಾನ್ಯ ಚಿತ್ರಕ್ಕಿಂತ ಬಹಳ ಹೆಚ್ಚು. ಇವೆಲ್ಲವನ್ನೂ ಸಹಿಸುವುದು ನಾಯಿ. ಒಪ್ಪಿಗೆ ಕೊಡುವುದು ಮಾತ್ರ ಅದರ ಒಡೆಯ. ಒಪ್ಪಿಗೆ ಕೊಡಲಾರದ ರೋಗಿಯ ವಿಷಯದಲ್ಲಿ ವೈದ್ಯನ ಹೊಣೆ ಇಮ್ಮಡಿಯಾಗುತ್ತದೆ.

ಇದಲ್ಲದೆ, ಚಿತ್ರವು ಚಿಕಿತ್ಸೆಯಲ್ಲ. ಸೊಳ್ಳೆಯಿಂದ ಹರಡುವ ಹೃದಯಹುಳುವನ್ನು ನೋಡಿ. ಭಾರತದ ಈಶಾನ್ಯ ರಾಜ್ಯಗಳ ನಾಯಿಗಳಲ್ಲಿ ಇದು ಕಂಡುಬಂದಿದೆ. ಹೆಸರು ಹೃದಯಹುಳುವಾದರೂ ಅದರ ಮುಖ್ಯ ವಾಸಸ್ಥಾನ ಪುಪ್ಪುಸ ಧಮನಿ. ಸುಮಾರು 30 ಸೆಂಟಿಮೀಟರ್‌ವರೆಗೆ ಬೆಳೆಯುವ ಹೆಣ್ಣುಹುಳುಗಳು ಐದಾರು ವರ್ಷ ಅಲ್ಲಿಯೇ ಬಾಳಿ, ನಾಳದ ಒಳಗೋಡೆಯನ್ನು ಕೆಡಿಸಿ, ಒತ್ತಡವನ್ನು ಏರಿಸುತ್ತವೆ. ಸೊಟ್ಟಸೊಟ್ಟಾಗಿ ಹಿಗ್ಗಿದ ಆ ನಾಳಗಳ ಚಿತ್ರವನ್ನು ಎಷ್ಟು ಸೊಗಸಾಗಿ ತೆಗೆದರೇನು? ಒಂದು ಹನಿ ರಕ್ತದ ಪರೀಕ್ಷೆ ಹುಳುವನ್ನು ಪತ್ತೆ ಮಾಡುತ್ತದೆ. ತಿಂಗಳಿಗೊಮ್ಮೆ ಕೊಡುವ ಔಷಧ ಅದನ್ನು ಬಾರದಂತೆ ತಡೆಯುತ್ತದೆ. ಬುಲ್‌ಡಾಗಿನ ವಿಷಯದಲ್ಲಿಯೂ ಹಾಗೆಯೇ. ಬಿಗಿದ ಕವಾಟವಿರುವ ನಾಯಿಗಳನ್ನು ತಳಿ ಬೆಳೆಸಲು ಬಳಸುತ್ತ, ಹುಟ್ಟಿದ ಮರಿಗಳನ್ನು ಯಂತ್ರದೊಳಗೆ ಮಲಗಿಸುತ್ತ ಹೋಗುವುದು ಬುದ್ಧಿವಂತಿಕೆಯಲ್ಲ.

ಸಂಖ್ಯೆಯನ್ನು ಕುರುಡಾಗಿ ನಂಬುವುದೂ ಇದೇ ಬಗೆಯ ತಪ್ಪು. ಮೇಲೆ ಹೇಳಿದ ಸೋರಿಕೆಯ ಲೆಕ್ಕದಲ್ಲಿ ಒಂದು ಮೋಸವಿದೆ. ಬಲ ಹೃತ್ಕುಕ್ಷಿ ತೀರ ಸೋತಾಗ ರಕ್ತವನ್ನು ರಭಸದಿಂದ ನೂಕಲಾರದು. ಆಗ ವೇಗ ಕಡಮೆಯಾಗಿ, ಒತ್ತಡವೂ ಕಡಮೆಯೆಂಬ ಭ್ರಮೆ ಹುಟ್ಟುತ್ತದೆ. ರೋಗ ಉಲ್ಬಣಿಸಿದಾಗಲೇ ಸಂಖ್ಯೆ ಸಮಾಧಾನ ಹೇಳುತ್ತದೆ! ಇದನ್ನರಿತೇ ತಜ್ಞರು 2020ರಲ್ಲಿ ಪ್ರಕಟಿಸಿದ ಸಮ್ಮತಿಯ ಸೂತ್ರಗಳಲ್ಲಿ, ಈ ವೇಗವೊಂದನ್ನೇ ನೋಡದೆ ಹೃದಯದ ಕೋಣೆಗಳ ಮತ್ತು ಪುಪ್ಪುಸ ಧಮನಿಯ ಆಕಾರವನ್ನೂ ಜೊತೆಗಿಟ್ಟು ತೂಗಬೇಕೆಂದು, ಬಂದ ಉತ್ತರವನ್ನು ನಿಶ್ಚಯವೆನ್ನದೆ ಸಂಭವನೀಯತೆಯೆಂದೇ ಕರೆಯಬೇಕೆಂದು ಹೇಳಿದ್ದಾರೆ. ಯಂತ್ರ ಎಷ್ಟು ದೊಡ್ಡದಾದರೂ ಅದರ ಉತ್ತರವನ್ನು ತೂಗುವ ಬುದ್ಧಿ ಮನುಷ್ಯನದೇ ಆಗಿರಬೇಕು.

ಹಾಗಾದರೆ ನಿಯಮವೇನು? ನಮ್ಮ ದೃಷ್ಟಿಯಲ್ಲಿ ಅದು ಬಹಳ ಸರಳವಾದುದು. ಯಂತ್ರದ ಬಳಿಗೆ ಹೋಗುವ ಮುನ್ನ ವೈದ್ಯನು ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಮತ್ತು ಆ ಪ್ರಶ್ನೆಗೆ ಬರುವ ಉತ್ತರವು ಚಿಕಿತ್ಸೆಯನ್ನು ಬದಲಿಸುವಂಥದಾಗಿರಬೇಕು. ಬುಲ್‌ಡಾಗಿನ ಕಿರೀಟ ಧಮನಿ ಎತ್ತ ಸಾಗಿದೆ? ಏಕಾಏಕಿ ಉಸಿರು ಕಟ್ಟಿದ ನಾಯಿಯ ಪುಪ್ಪುಸ ಧಮನಿಯಲ್ಲಿ ಹೆಪ್ಪುರಕ್ತ ಸಿಕ್ಕಿಕೊಂಡಿದೆಯೆ? ಇವು ಯಂತ್ರಕ್ಕೆ ಯೋಗ್ಯವಾದ ಪ್ರಶ್ನೆಗಳು. "ಏನಾದರೂ ಕಾಣಬಹುದೇನೋ, ನೋಡೋಣ" ಎಂಬುದು ಪ್ರಶ್ನೆಯೇ ಅಲ್ಲ.

ನಮ್ಮಂಥ ನಾಡಿನಲ್ಲಿ ಈ ನಿಯಮಕ್ಕೆ ಇನ್ನೊಂದು ಅರ್ಥವೂ ಉಂಟು. ಊರೂರಿಗೂ ಇಂಥ ಯಂತ್ರವನ್ನು ತರುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಪಶುವೈದ್ಯ ಕಾಲೇಜುಗಳಲ್ಲಿ ಇದು ಇರಬೇಕು. ಸುತ್ತಣ ಜಿಲ್ಲೆಗಳ ವೈದ್ಯರು ಕಠಿಣವಾದ ರೋಗಿಗಳನ್ನು ಅಲ್ಲಿಗೆ ಕಳುಹಿಸುವ ಪದ್ಧತಿ ಬೆಳೆಯಬೇಕು. ಅಲ್ಲಿ ತೆಗೆದ ಚಿತ್ರಗಳು ವಿದ್ಯಾರ್ಥಿಗಳಿಗೆ ಪಾಠವಾಗಬೇಕು. ಅದರೊಂದಿಗೆ ಪ್ರತಿಯೊಂದು ಪಶುಚಿಕಿತ್ಸಾಲಯದಲ್ಲಿಯೂ ಮರ್ಮರಧ್ವನಿಯನ್ನು ಗುರುತಿಸಬಲ್ಲ ಒಂದು ಜೊತೆ ಕಿವಿ, ಮಣಿಗಳನ್ನು ಎಣಿಸಬಲ್ಲ ಒಂದು ಜೊತೆ ಕಣ್ಣು ಇದ್ದೇ ಇರಬೇಕು. ಕೆಳಗಣ ಮೆಟ್ಟಿಲು ಗಟ್ಟಿಯಾಗಿಲ್ಲದಿದ್ದರೆ, ಯಾವ ನಾಯಿಯನ್ನು ಮೇಲಕ್ಕೆ ಕಳುಹಿಸಬೇಕೆಂಬುದೇ ಯಾರಿಗೂ ತಿಳಿಯದು.

ಇದನ್ನು ಓದುತ್ತಿರುವ ತರುಣರಲ್ಲಿ ಕೆಲವರು ನಾಳೆ ಪಶುವೈದ್ಯರಾಗುವಿರಿ, ಕೆಲವರು ಯಂತ್ರಶಿಲ್ಪಿಗಳಾಗುವಿರಿ, ಇನ್ನು ಕೆಲವರು ಒಂದು ನಾಯಿಯನ್ನು ಸಾಕಿದ ಗೃಹಸ್ಥರಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವಿರಿ. ಯಾವ ಪಾತ್ರದಲ್ಲಿ ನಿಂತರೂ ಕೇಳಬೇಕಾದ ಮಾತು ಒಂದೇ: ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ? ಉತ್ತರ ಬಂದ ಮೇಲೆ ಈ ಪ್ರಾಣಿಗೆ ನಾವು ಬೇರೆ ಏನು ಮಾಡುತ್ತೇವೆ? ಇದಕ್ಕೆ ವೈದ್ಯನು ನೇರವಾಗಿ ಉತ್ತರಿಸಬಲ್ಲನಾದರೆ ಖರ್ಚಿಗೆ ಹಿಂಜರಿಯಬೇಕಾಗಿಲ್ಲ, ಶೋಕಿಯೆಂಬ ನಿಂದೆಗೂ ಅಂಜಬೇಕಾಗಿಲ್ಲ. ಉತ್ತರಿಸಲಾರನಾದರೆ, ಆ ನಾಯಿಯನ್ನು ಅರಿವಳಿಕೆಯಿಲ್ಲದೆ ಮನೆಗೆ ಕರೆದುಕೊಂಡು ಹೋಗುವುದೇ ಅದಕ್ಕೆ ಮಾಡುವ ಉಪಕಾರ.